ಸ್ಟೇಷನ್‌ನಲ್ಲಿ, ಸ್ಟೇಷನ್‌ವರ್, ಆ್ಯಟ್ ದ ಸ್ಟೇಷನ್

ಇವತ್ತಿನ ಮಾತು ಇಂಗ್ಲಿಷಿನ ಕೆಲವು ಪುಟ್ಟ ಪದಗಳ ಬಗ್ಗೆ. ಇನ್, ಆನ್, ಆ್ಯಟ್. ಟು, ಫಾರ್, ಫ್ರಮ್. ವಿತ್, ಬೈ, ಸಿನ್ಸ್. ವ್ಯಾಕರಣದಲ್ಲಿ ಇವಕ್ಕೆ ಪ್ರಿಪೊಸಿಷನ್ ಎಂದು ಹೆಸರು. ಇಂಥ ಪದಗಳು ಇಂಗ್ಲಿಷಿನಲ್ಲಿ ನೂರರ ಆಸುಪಾಸಿನಲ್ಲಿವೆ. ದಿನವೂ ಬೇಕಾಗುವುವು ಕೆಲವೇ. ಆದರೆ ಹತ್ತಾರು ವರ್ಷ ಇಂಗ್ಲಿಷ್ ಬಳಸಿದವರ ಲೇಖನಿ ಕೂಡ ತಡವರಿಸುವುದು ಈ ಕೆಲವೇ ಪದಗಳ ಮುಂದೆ. ಈ ಸಂಗತಿಯನ್ನು ಒಂದು ಊರಿನಲ್ಲಿ ನಿಂತು ನೋಡೋಣ. ಆ ಊರು ಖಾರಘರ. 1970ರಲ್ಲಿ ಹುಟ್ಟಿದ ಸಿಡ್ಕೊ ಸಂಸ್ಥೆ ಕಟ್ಟಿದ ನವಿ ಮುಂಬಯಿಯ ಒಂದು ಭಾಗ ಅದು. ಹಾರ್ಬರ್ ಲೈನಿನಲ್ಲಿ ಬೇಲಾಪುರಕ್ಕೂ ಮಾನಸರೋವರಕ್ಕೂ ನಡುವೆ ಅದರ ಸ್ಟೇಷನ್. ಅಲ್ಲಿನ ಕನ್ನಡ ಮನೆಯೊಂದನ್ನು ಮನಸ್ಸಿಗೆ ತಂದುಕೊಳ್ಳಿ. ಮನೆಯೊಳಗೆ ಕನ್ನಡ, ಇಲ್ಲವೇ ತುಳು. ಲಿಫ್ಟಿನಲ್ಲಿ ಹಿಂದಿ, ಬಾಜಾರಿನಲ್ಲಿ ಮರಾಠಿ. ಶಾಲೆಯಲ್ಲಿ ಇಂಗ್ಲಿಷ್. ಮಹಾರಾಷ್ಟ್ರ 2020ರಲ್ಲಿ ಮಾಡಿದ ಕಾನೂನಿನಂತೆ ಇಂಗ್ಲಿಷ್ ಮಾಧ್ಯಮದ ಶಾಲೆಯೂ ಮರಾಠಿ ಕಲಿಸಲೇಬೇಕು. ಹೀಗೆ ಹತ್ತು ವರ್ಷದ ಮಗುವಿನ ನಾಲಗೆಯ ಮೇಲೆ ನಾಲ್ಕು ಭಾಷೆಗಳು. ಪ್ರಿಪೊಸಿಷನ್ನಿನ ತೊಡಕನ್ನು ಅರಿಯಲು ಇದಕ್ಕಿಂತ ಒಳ್ಳೆಯ ಜಾಗ ಸಿಕ್ಕುವುದು ಕಷ್ಟ.

ಆ ಮಗು ಸ್ಟೇಷನ್‌ಗೆ ಬಂದು ಮನೆಗೆ ಫೋನು ಮಾಡುತ್ತದೆ ಎಂದುಕೊಳ್ಳಿ. ಕನ್ನಡದಲ್ಲಿ ಹೇಳಿದರೆ, 'ಸ್ಟೇಷನ್‌ನಲ್ಲಿ ಇದ್ದೇನೆ.' ಅದೇ ಮಾತು ಮರಾಠಿಯಲ್ಲಿ 'ಸ್ಟೇಷನ್‌ವರ್'. ಹಿಂದಿಯಲ್ಲಿ 'ಸ್ಟೇಷನ್ ಪರ್'. ಮರಾಠಿಯ 'ವರ್', ಹಿಂದಿಯ 'ಪರ್', ಎರಡೂ ಬೇರೆಡೆ 'ಮೇಲೆ' ಎಂಬ ಅರ್ಥ ಕೊಡುವ ಪದಗಳು. ಈಗ ಇದನ್ನು ಇಂಗ್ಲಿಷಿಗೆ ತರಬೇಕು. ಕನ್ನಡದಿಂದ ನೇರವಾಗಿ ಎತ್ತಿ ತಂದರೆ 'ಇನ್ ದ ಸ್ಟೇಷನ್' ಆಗುತ್ತದೆ. ಮರಾಠಿ, ಹಿಂದಿಯಿಂದ ತಂದರೆ 'ಆನ್ ದ ಸ್ಟೇಷನ್'. ಇಂಗ್ಲಿಷ್ ಇಲ್ಲಿ ಸಹಜವಾಗಿ ಬಯಸುವುದು 'ಆ್ಯಟ್ ದ ಸ್ಟೇಷನ್'. ಅದೇ ಮಗು ಗಾಡಿ ಹತ್ತಿದ ಮೇಲೆ ಏನಾಗುತ್ತದೆ ಗಮನಿಸಿ. ಕನ್ನಡದಲ್ಲಿ 'ಟ್ರೇನಿನಲ್ಲಿ', ಮರಾಠಿಯಲ್ಲಿ 'ಗಾಡೀತ್', ಹಿಂದಿಯಲ್ಲಿ 'ಟ್ರೇನ್ ಮೇ'. ಈಗ ಮೂರೂ ಭಾಷೆಗಳು ಒಂದೇ ಮಾತು ಹೇಳುತ್ತವೆ, ಒಳಗೆ ಎಂದು. ಇಂಗ್ಲಿಷ್ ಮಾತ್ರ 'ಆನ್ ದ ಟ್ರೇನ್' ಎನ್ನುತ್ತದೆ. ಬಸ್ಸಿಗೂ ಆನ್, ಹಡಗಿಗೂ ವಿಮಾನಕ್ಕೂ ಆನ್. ಕಾರಿಗೆ, ಟ್ಯಾಕ್ಸಿಗೆ, ರಿಕ್ಷಾಕ್ಕೆ ಮಾತ್ರ ಇನ್. ಹತ್ತಿ ಎದ್ದು ಓಡಾಡಬಹುದಾದ ದೊಡ್ಡ ವಾಹನಕ್ಕೆ ಆನ್, ಮೈ ಬಗ್ಗಿಸಿ ನುಗ್ಗಿ ಕೂರುವ ಸಣ್ಣ ವಾಹನಕ್ಕೆ ಇನ್ ಎಂದು ನೆನಪಿಟ್ಟುಕೊಂಡರೆ ಸಾಕು. ನೀವು ಈಗ ಕೇಳುತ್ತಿರುವ ಈ ಮಾತೂ ಅಷ್ಟೇ. ನಮಗೆ ಅದು ಬಾನುಲಿಯಲ್ಲಿ ಬರುತ್ತದೆ. ಇಂಗ್ಲಿಷರಿಗೆ ಅದು 'ಆನ್ ದ ರೇಡಿಯೋ'.

ಇಲ್ಲಿಯವರೆಗೆ ಒಂದು ಸ್ಟೇಷನ್, ಒಂದು ಗಾಡಿ ನೋಡಿದೆವು. ಕನ್ನಡದ ಒಂದು 'ಅಲ್ಲಿ' ಇಂಗ್ಲಿಷಿಗೆ ಹೋಗುವಾಗ ಮೂರಾಗಿ ಒಡೆಯಿತು. ಇದರಿಂದ ಹಲವರು ಒಂದು ತೀರ್ಮಾನಕ್ಕೆ ಬರುತ್ತಾರೆ. ಇಂಗ್ಲಿಷ್ ಕಲಿಯುವಾಗ ಕನ್ನಡವನ್ನು ಮರೆತುಬಿಡಬೇಕು, ಕನ್ನಡವೇ ತಪ್ಪಿಗೆ ಮೂಲ ಎಂದು. ಈ ತೀರ್ಮಾನ ತಪ್ಪು ಎಂಬುದೇ ನನ್ನ ಇಂದಿನ ವಾದ. ನಮ್ಮನ್ನು ದಾರಿ ತಪ್ಪಿಸುವುದು ಕನ್ನಡವಲ್ಲ. ಒಂದು ಪ್ರತ್ಯಯಕ್ಕೆ ಒಂದು ಇಂಗ್ಲಿಷ್ ಪದ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿಸಿದ ಪಟ್ಟಿ. 'ಇಂದ' ಎಂದರೆ ಫ್ರಮ್, 'ಗೆ' ಎಂದರೆ ಟು, 'ಅಲ್ಲಿ' ಎಂದರೆ ಇನ್ ಎಂಬ ಆ ಪಟ್ಟಿ ಕನ್ನಡದ ನಡೆಯನ್ನೂ ಸರಿಯಾಗಿ ಹೇಳುವುದಿಲ್ಲ. ಯೋಚಿಸಿ ನೋಡಿ. 'ಅವನಿಗೆ ಹೇಳು' ಎನ್ನುತ್ತೇವೆ. 'ಅವನನ್ನು ನೋಡು' ಎನ್ನುತ್ತೇವೆ. 'ಅವನ ಮೇಲೆ ಸಿಟ್ಟಾಗಬೇಡ' ಎನ್ನುತ್ತೇವೆ. ಹಸಿವಾದವನಿಗೆ 'ನಾನು' ಎನ್ನಲೂ ಅವಕಾಶವಿಲ್ಲ, 'ನನಗೆ ಹಸಿವು' ಎನ್ನಬೇಕು. ಅದೇ ಮನುಷ್ಯ, ಬೇರೆ ಬೇರೆ ವಿಭಕ್ತಿ. ಯಾವ ವಿಭಕ್ತಿ ಬರಬೇಕು ಎಂದು ಗೊತ್ತುಮಾಡುವುದು ಬಹುಮಟ್ಟಿಗೆ ಕ್ರಿಯಾಪದ. ಒಂದು ವಿಭಕ್ತಿಯ ಜಾಗದಲ್ಲಿ ಇನ್ನೊಂದು ಬಂದು ನಿಲ್ಲುವುದೂ ಕನ್ನಡಕ್ಕೆ ಹೊಸದಲ್ಲ. ಹದಿಮೂರನೆಯ ಶತಮಾನದಲ್ಲಿ ಶಬ್ದಮಣಿದರ್ಪಣ ಬರೆದ ಕೇಶಿರಾಜನ ಪರಂಪರೆಯಲ್ಲಿ ಇದಕ್ಕೆ ವಿಭಕ್ತಿ ಪಲ್ಲಟ ಎಂದೇ ಹೆಸರಿದೆ. 'ಬೆಟ್ಟವನ್ನು ಹತ್ತಿದ' ಎಂದರೂ ಸರಿ, 'ಬೆಟ್ಟಕ್ಕೆ ಹತ್ತಿದ' ಎಂದರೂ ಸರಿ. ವಿಭಕ್ತಿಗೆ ತನ್ನದೇ ಆದ ಅರ್ಥ ಇದೆ, ಆದರೆ ಅದು ಒಂಟಿಯಾಗಿ ಬಾಳುವುದಿಲ್ಲ. ಜೊತೆಯ ಪದ ಕರೆದಂತೆ ಬರುತ್ತದೆ. ಪ್ರಿಪೊಸಿಷನ್ನೂ ಹಾಗೆಯೇ. ಕನ್ನಡದಲ್ಲಿ ವಿಭಕ್ತಿಯನ್ನು ತಪ್ಪಿಲ್ಲದೆ ಆರಿಸುವ ನಮಗೆ ಈ ಬಗೆಯ ಆಯ್ಕೆ ಅಪರಿಚಿತವಲ್ಲ.

ಇದು ಬರಿಯ ಹೋಲಿಕೆಯಲ್ಲ. ಇತಿಹಾಸದ ಬಲವೂ ಇದಕ್ಕೆ ಇದೆ. ಸುಮಾರು ಸಾವಿರದ ನೂರು ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ನಾಮಪದಗಳ ಕೊನೆಗೆ ವಿಭಕ್ತಿಗಳು ಹತ್ತುತ್ತಿದ್ದವು. ದೊರೆ ಆಲ್‌ಫ್ರೆಡ್‌ನ ಕಾಲದ ಬರಹದಲ್ಲಿ ಅವನ್ನು ಕಾಣಬಹುದು. ಮುಂದಿನ ಮೂರು ನಾಲ್ಕು ಶತಮಾನಗಳಲ್ಲಿ ಆ ಪ್ರತ್ಯಯಗಳು ಸವೆದುಹೋದವು. ಅವು ಮಾಡುತ್ತಿದ್ದ ಕೆಲಸದ ಬಹುಪಾಲು ಪ್ರಿಪೊಸಿಷನ್ನುಗಳ ಹೆಗಲಿಗೆ ಬಂತು. ಇಂದು ಉಳಿದಿರುವ ದೊಡ್ಡ ಕುರುಹು ಒಂದೇ, 'ರಾಮಾಸ್ ಬುಕ್' ಎನ್ನುವಾಗ ಬರುವ ಆ 'ಸ್'. ಹೀಗೆ ಹೊಣೆ ಹೊರುವಾಗ ಹಳೆಯ ಅರ್ಥಗಳೂ ಪಲ್ಲಟವಾದವು. ವಿತ್ ಎಂಬ ಪದವನ್ನೇ ನೋಡಿ. ಇಂದು ಅದಕ್ಕೆ 'ಜೊತೆಗೆ' ಎಂದು ಅರ್ಥ. ಹಳೆಯ ಇಂಗ್ಲಿಷಿನಲ್ಲಿ ಅದರ ಮುಖ್ಯ ಅರ್ಥ 'ಎದುರಾಗಿ', 'ವಿರುದ್ಧ'. ಆ ಅರ್ಥ 'ವಿತ್‌ಸ್ಟ್ಯಾಂಡ್' ಎಂಬ ಪದದಲ್ಲಿ ಇನ್ನೂ ಬದುಕಿದೆ, ಎದುರು ನಿಲ್ಲು, ತಡೆದುಕೊಳ್ಳು ಎಂದು. 'ಫೈಟ್ ವಿತ್' ಎನ್ನುವಾಗಲೂ ಅದೇ ಹಳೆಯ ಅರ್ಥದ ನೆರಳು. ನಾವೂ ಅವನ ಜೊತೆ ಜಗಳವಾಡಿದೆ ಎನ್ನುತ್ತೇವೆ. ಜೊತೆಗೆ ನಿಂತು ಆಡಿದ ಜಗಳವಲ್ಲ ಅದು, ಎದುರು ನಿಂತು ಆಡಿದ ಜಗಳ. ಎರಡೂ ಭಾಷೆಗಳವರು ಇದನ್ನು ತಡೆಯಿಲ್ಲದೆ ಅರ್ಥ ಮಾಡಿಕೊಳ್ಳುತ್ತಾರೆ.

ಹಾಗಾದರೆ ಎರಡು ಮಾತು ಗೊತ್ತಾಯಿತು. ಪ್ರಿಪೊಸಿಷನ್ ಎಂದರೆ ಒಂದು ಬಗೆಯ ವಿಭಕ್ತಿ. ಅದನ್ನು ಆರಿಸುವುದು ಜೊತೆಯ ಪದ. ಈಗ ಕಾಲವನ್ನು ಹೇಳುವ ಮಾತುಗಳಿಗೆ ಬರೋಣ. ಇಲ್ಲಿ ಕನ್ನಡ ಎಷ್ಟು ನೇರವಾಗಿ ನೆರವಿಗೆ ಬರುತ್ತದೆ ಎಂದು ನೋಡಿ ನಿಮಗೇ ಬೆರಗಾಗಬಹುದು. 'ಒಂಬತ್ತು ಗಂಟೆಗೆ ಬಾ' ಎನ್ನುತ್ತೇವೆ. ಗಂಟೆಗೆ 'ಗೆ' ಹತ್ತಿತು. 'ಸೋಮವಾರ ಬಾ' ಎನ್ನುತ್ತೇವೆ. ವಾರಕ್ಕೆ ಏನೂ ಹತ್ತಲಿಲ್ಲ. 'ಮಾರ್ಚಿನಲ್ಲಿ ಬಾ' ಎನ್ನುತ್ತೇವೆ. ತಿಂಗಳಿಗೆ 'ಅಲ್ಲಿ' ಹತ್ತಿತು. ಗಂಟೆ, ದಿನ, ತಿಂಗಳು ಎಂದು ಕನ್ನಡ ಕಾಲವನ್ನು ಮೂರು ಬಗೆಯಾಗಿ ಕಾಣುತ್ತಿದೆ. ಇಂಗ್ಲಿಷ್ ಕೂಡ ಸರಿಯಾಗಿ ಇದೇ ಮೂರು ಕಡೆ ಕತ್ತರಿಸುತ್ತದೆ. ಗಂಟೆಗೆ ಆ್ಯಟ್, ದಿನಕ್ಕೆ ಆನ್, ತಿಂಗಳಿಗೂ ವರ್ಷಕ್ಕೂ ಇನ್. ನೀವು ಕನ್ನಡದಲ್ಲಿ ಸಹಜವಾಗಿ 'ಗೆ' ಹಚ್ಚಿದ ಕಡೆ ಆ್ಯಟ್, ಬರಿದಾಗಿ ಬಿಟ್ಟ ಕಡೆ ಆನ್, 'ಅಲ್ಲಿ' ಹಚ್ಚಿದ ಕಡೆ ಇನ್. ಅಮೆರಿಕನ್ನರು ಆಡುಮಾತಿನಲ್ಲಿ ವಾರದ ಹಿಂದಿನ ಆನ್ ಅನ್ನು ಬಿಟ್ಟು ನಮ್ಮಂತೆಯೇ ಬರಿದಾಗಿ 'ಸೀ ಯೂ ಮಂಡೇ' ಎನ್ನುವುದೂ ಉಂಟು. ಈ ಸೂತ್ರ ಮುರಿಯುವ ಕಡೆಗಳೂ ಇವೆ. ಬೆಳಿಗ್ಗೆಗೆ 'ಇನ್ ದ ಮಾರ್ನಿಂಗ್', ರಾತ್ರಿಗೆ 'ಆ್ಯಟ್ ನೈಟ್', ಸೋಮವಾರ ಬೆಳಿಗ್ಗೆಗೆ 'ಆನ್ ಮಂಡೇ ಮಾರ್ನಿಂಗ್'. ಇವನ್ನು ಬಿಡಿಯಾಗಿ ಕಲಿಯಬೇಕು. ಆದರೆ ಹೊರೆ ಎಷ್ಟು ಇಳಿಯಿತು ನೋಡಿ.

ಕಾಲದ ಮೂರು ಬಗೆಗಳಲ್ಲಿ ಕನ್ನಡ ದಾರಿ ತೋರಿಸಿತು. ಇನ್ನು ಕನ್ನಡ ತೊಡಕು ಮಾಡುವ ಕಡೆಗೆ ಬರೋಣ. ಎಲ್ಲಕ್ಕಿಂತ ದೊಡ್ಡ ತೊಡಕು 'ಇಂದ' ಎಂಬ ಪ್ರತ್ಯಯದ್ದು. ಇದು ಕನ್ನಡದ ಬಹಳ ದುಡಿಯುವ ಪ್ರತ್ಯಯ. ಶಾಲೆಯ ಪಟ್ಟಿಯಲ್ಲಿ ಪಂಚಮಿಗೆ 'ದೆಸೆಯಿಂದ' ಎಂದು ಬೇರೆ ಪ್ರತ್ಯಯ ಇದ್ದರೂ ಮಾತಿನಲ್ಲಿ ತೃತೀಯೆಯ 'ಇಂದ'ವೇ ಅದರ ಕೆಲಸವನ್ನೂ ಮಾಡುತ್ತದೆ. ಊರಿನಿಂದ ಬಂದ, ಇಲ್ಲಿ ಫ್ರಮ್. ಭಯದಿಂದ ನಡುಗಿದ, ಇಲ್ಲಿ ವಿತ್. ಮರದಿಂದ ಮಾಡಿದ ಕುರ್ಚಿ, ಇಲ್ಲಿ ಆಫ್. ಹಾಲಿನಿಂದ ಮಾಡಿದ ಮೊಸರು, ಇಲ್ಲಿ ಮತ್ತೆ ಫ್ರಮ್. ಕುರ್ಚಿಯಲ್ಲಿ ಮರ ಮರವಾಗಿಯೇ ಉಳಿದಿದೆ. ಮೊಸರಿನಲ್ಲಿ ಹಾಲು ಬದಲಾಗಿ ಹೋಗಿದೆ. ಇಂಗ್ಲಿಷ್ ಆ ವ್ಯತ್ಯಾಸವನ್ನು ಗಮನಿಸುತ್ತದೆ, ನಮ್ಮ 'ಇಂದ' ಗಮನಿಸುವುದಿಲ್ಲ. ಆಸ್ಪತ್ರೆಯ ಮಾತಿಗೆ ಬಂದರೆ ಇದು ಇನ್ನೂ ಸ್ಪಷ್ಟ. ಖಾರಘರದಲ್ಲಿ ಟಾಟಾ ಸ್ಮಾರಕ ಕೇಂದ್ರದ ಕ್ಯಾನ್ಸರ್ ಚಿಕಿತ್ಸೆ ಮತ್ತು ಸಂಶೋಧನೆಯ ಸಂಸ್ಥೆ ಆ್ಯಕ್ಟ್ರೆಕ್ ಇದೆ. ಅಂಥ ಕಡೆ ಹೊರ ಊರಿನ ರೋಗಿಯ ಮನೆಯವರು ಇಂಗ್ಲಿಷಿನಲ್ಲಿ ಒಂದು ಅರ್ಜಿ ಬರೆಯಬೇಕಾಗುತ್ತದೆ ಎಂದುಕೊಳ್ಳಿ. ಯಾವ ಕಾಯಿಲೆಯಿಂದ ನರಳುತ್ತಿದ್ದಾರೆ ಎನ್ನಲು 'ಸಫರಿಂಗ್ ಫ್ರಮ್'. ಆ ಕಾಯಿಲೆಗೆ ಚಿಕಿತ್ಸೆ ಎನ್ನಲು 'ಟ್ರೀಟೆಡ್ ಫಾರ್'. ಯಾವ ಔಷಧಿಯಿಂದ ಎನ್ನಲು 'ಟ್ರೀಟೆಡ್ ವಿತ್'. ಯಾವ ವೈದ್ಯರಿಂದ ಎನ್ನಲು 'ಟ್ರೀಟೆಡ್ ಬೈ'. ಯಾವ ಆಸ್ಪತ್ರೆಯಲ್ಲಿ ಎನ್ನಲು 'ಟ್ರೀಟೆಡ್ ಆ್ಯಟ್'. ಒಂದೇ ಕ್ರಿಯಾಪದದ ಸುತ್ತ ನಾಲ್ಕು ಪದಗಳು ನಿಂತವು. ಒಂದೊಂದೂ ಒಂದೊಂದು ಪ್ರಶ್ನೆಗೆ ಉತ್ತರ. ಯಾವುದಕ್ಕೆ, ಯಾವುದನ್ನು ಬಳಸಿ, ಯಾರು, ಎಲ್ಲಿ. ಪ್ರಶ್ನೆಯನ್ನು ಮೊದಲು ಕನ್ನಡದಲ್ಲಿ ಕೇಳಿಕೊಂಡರೆ ಪದ ತಾನಾಗಿ ಹೊಳೆಯುತ್ತದೆ.

ಇದೇ 'ಇಂದ' ಕಾಲದ ಮಾತಿನಲ್ಲಿ ಇನ್ನೊಂದು ಗೊಂದಲ ಹುಟ್ಟಿಸುತ್ತದೆ. ಅದು ಸಿನ್ಸ್ ಮತ್ತು ಫಾರ್ ನಡುವಿನದು. 'ಐದು ವರ್ಷದಿಂದ ಖಾರಘರದಲ್ಲಿದ್ದೇನೆ' ಎನ್ನುತ್ತೇವೆ. '2020ರಿಂದ ಖಾರಘರದಲ್ಲಿದ್ದೇನೆ' ಎಂದೂ ಎನ್ನುತ್ತೇವೆ. ಎರಡಕ್ಕೂ 'ಇಂದ'. ಹಿಂದಿಯಲ್ಲಿ ಎರಡಕ್ಕೂ 'ಸೆ', ಮರಾಠಿಯಲ್ಲಿ ಎರಡಕ್ಕೂ 'ಪಾಸೂನ್'. ಹೀಗಾಗಿ 'ಸಿನ್ಸ್ ಫೈವ್ ಇಯರ್ಸ್' ಎಂಬ ಮಾತು ಈ ಊರಿನಲ್ಲಿ ಎಲ್ಲ ಭಾಷೆಯವರ ಬಾಯಲ್ಲೂ ಬರುತ್ತದೆ. ಅದನ್ನು ತಿದ್ದಿಕೊಳ್ಳಲು ಎರಡು ಕನ್ನಡ ಪ್ರಶ್ನೆಗಳು ಸಾಕು. 'ಯಾವಾಗಿನಿಂದ?' ಎಂಬ ಪ್ರಶ್ನೆಗೆ ಉತ್ತರವಾದರೆ ಸಿನ್ಸ್. 'ಎಷ್ಟು ಕಾಲದಿಂದ?' ಎಂಬುದಕ್ಕೆ ಉತ್ತರವಾದರೆ ಫಾರ್. ಬೇಲಾಪುರದಿಂದ ಖಾರಘರದ ಮೂಲಕ ಪೆಂಧರಿಗೆ ಹೋಗುವ ಸುಮಾರು 11 ಕಿಲೋಮೀಟರಿನ ಮೆಟ್ರೋ 2023ರ ನವೆಂಬರಿನಲ್ಲಿ ಶುರುವಾಯಿತು. ಯಾವಾಗಿನಿಂದ ಓಡುತ್ತಿದೆ? 'ಸಿನ್ಸ್ ನವೆಂಬರ್ 2023'. ಎರಡು ವರ್ಷ ತುಂಬಿದ ದಿನ ಎಷ್ಟು ಕಾಲದಿಂದ ಎಂದು ಕೇಳಿದ್ದರೆ, 'ಫಾರ್ ಟೂ ಇಯರ್ಸ್'. ಜೊತೆಗೆ ಕ್ರಿಯಾಪದವನ್ನೂ ಮರೆಯಬಾರದು. 'ಐ ಆ್ಯಮ್ ಲಿವಿಂಗ್ ಹಿಯರ್' ಎಂದು ಶುರುಮಾಡಿ ಮುಂದೆ ಫಾರ್ ಹಾಕಿದರೆ ಕೆಲಸ ಅರ್ಧವಷ್ಟೇ ಆಯಿತು. 'ಐ ಹ್ಯಾವ್ ಬೀನ್ ಲಿವಿಂಗ್ ಹಿಯರ್ ಫಾರ್ ಫೈವ್ ಇಯರ್ಸ್' ಎನ್ನಬೇಕು.

'ಇಂದ' ಮಾಡುವ ತೊಡಕನ್ನೂ ಅದರಿಂದ ಹೊರಬರುವ ದಾರಿಯನ್ನೂ ಕಂಡೆವು. ಈಗ ಗಡುವಿನ ಮಾತು. ಇಲ್ಲಿ ತಪ್ಪಿದರೆ ದುಡ್ಡೂ ಹೋಗಬಹುದು, ಆರೋಗ್ಯವೂ ಕೆಡಬಹುದು. ಬೈ ಮತ್ತು ಅಂಟಿಲ್ ಎಂಬ ಎರಡನ್ನು ತೆಗೆದುಕೊಳ್ಳಿ. ಹಿಂದಿಯಲ್ಲಿ 'ಸೋಮವಾರ್ ತಕ್' ಎಂದರೆ ಎರಡು ಅರ್ಥ ಬರುತ್ತದೆ. ಸೋಮವಾರ್ ತಕ್ ಕೆಲಸ ಮುಗಿಸು ಎನ್ನಬಹುದು. ಸೋಮವಾರ್ ತಕ್ ಇಲ್ಲೇ ಇರು ಎನ್ನಬಹುದು. ಮರಾಠಿಯ 'ಪರ್ಯಂತ್' ಕೂಡ ಎರಡೂ ಕೆಲಸ ಮಾಡುತ್ತದೆ. ಕನ್ನಡ ಮಾತ್ರ ಇಲ್ಲಿ ಬೇರೆ ಬೇರೆ ಪದ ಇಟ್ಟುಕೊಂಡಿದೆ. 'ಸೋಮವಾರದೊಳಗೆ ಮುಗಿಸು', 'ಸೋಮವಾರದವರೆಗೆ ಇರು'. ಒಳಗೆ ಎಂದರೆ ಬೈ. ವರೆಗೆ ಎಂದರೆ ಅಂಟಿಲ್. ಹೌಸಿಂಗ್ ಸೊಸೈಟಿಯ ನೋಟಿಸಿನಲ್ಲಿ 'ಬೈ ದ ಟೆಂತ್' ಎಂದಿದ್ದರೆ ಹತ್ತನೆಯ ತಾರೀಕಿನೊಳಗೆ ಕಟ್ಟಬೇಕು. ನೀರು 'ಅಂಟಿಲ್ ದ ಟೆಂತ್' ಬರುವುದಿಲ್ಲ ಎಂದಿದ್ದರೆ ಹತ್ತರವರೆಗೂ ನಲ್ಲಿ ಒಣಗಿರುತ್ತದೆ. ಕನ್ನಡ ಮರೆತು ಹಿಂದಿಯಲ್ಲಿ ಯೋಚಿಸುವ ಮಗುವಿಗೆ ಈ ಭೇದ ಕಾಣುವುದಿಲ್ಲ, ಕನ್ನಡ ಉಳಿಸಿಕೊಂಡ ಮಗುವಿಗೆ ಕಾಣುತ್ತದೆ. ನನ್ನ ವಾದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ನನಗೆ ಬೇಡ. ಇದೇ ಸಾಲಿನಲ್ಲಿ ಇನ್ ಮತ್ತು ವಿದಿನ್ ಎಂಬ ಇನ್ನೊಂದು ಜೋಡಿ ಇದೆ. 2005ರ ಮಾಹಿತಿ ಹಕ್ಕು ಕಾಯಿದೆಯಲ್ಲಿ ಅರ್ಜಿಗೆ ಉತ್ತರ ಕೊಡಲು ಸಾಮಾನ್ಯವಾಗಿ 30 ದಿನಗಳ ಮಿತಿ ಇದೆ. ಅಲ್ಲಿ ಬಳಸಿದ ಪದ ವಿದಿನ್. ಎಂದರೆ 30 ದಿನಗಳ ಒಳಗೆ, ಎಂದು ಬೇಕಾದರೂ. ಆದರೆ ವೈದ್ಯರು 'ಕಮ್ ಬ್ಯಾಕ್ ಇನ್ ಟೂ ವೀಕ್ಸ್' ಎಂದರೆ ಎರಡು ವಾರದಲ್ಲಿ ಯಾವತ್ತಾದರೂ ಬನ್ನಿ ಎಂದಲ್ಲ. ಎರಡು ವಾರ ಕಳೆದ ಮೇಲೆ ಬನ್ನಿ ಎಂದು. 'ಎರಡು ವಾರದಲ್ಲಿ' ಎಂದು ಪದಕ್ಕೆ ಪದ ಇಟ್ಟು ಕೇಳಿಸಿಕೊಂಡವರು ನಾಲ್ಕನೆಯ ದಿನವೇ ಆಸ್ಪತ್ರೆಯ ಬಾಗಿಲಲ್ಲಿ ನಿಲ್ಲಬಹುದು. 'ಎರಡು ವಾರ ಬಿಟ್ಟು' ಎಂಬ ನಮ್ಮ ಮಾತು ಅದಕ್ಕೆ ಸರಿಯಾದ ಕನ್ನಡ.

ಗಡುವಿನ ಪದಗಳು ಮುಗಿದವು. ಮುಂದಿನದು, ಪ್ರಿಪೊಸಿಷನ್ ಬೇಡದ ಕಡೆ ಅದನ್ನು ಹಾಕುವ ಅಭ್ಯಾಸ. 'ಡಿಸ್ಕಸ್ ಅಬೌಟ್', 'ಎಂಟರ್ ಇನ್‌ಟು ದ ರೂಮ್', 'ರೀಚ್ ಟು ಮುಂಬಯಿ'. ಇವನ್ನು ಭಾರತೀಯರ ತಪ್ಪು ಎಂದು ಪಟ್ಟಿ ಮಾಡಿ ನಗುವವರಿದ್ದಾರೆ. ನಗುವ ಮೊದಲು ಕಾರಣ ಹುಡುಕುವುದು ಒಳ್ಳೆಯದು. ಇಂಗ್ಲಿಷಿನಲ್ಲಿ ನಾಮಪದಕ್ಕೆ ಅಬೌಟ್ ಬೇಕು, 'ಎ ಡಿಸ್ಕಷನ್ ಅಬೌಟ್ ವಾಟರ್'. ಕ್ರಿಯಾಪದಕ್ಕೆ ಬೇಡ, 'ಡಿಸ್ಕಸ್ ವಾಟರ್'. ನಾಮಪದದ ಜೊತೆ ಕೇಳಿದ್ದನ್ನು ಕ್ರಿಯಾಪದಕ್ಕೂ ಅಂಟಿಸುತ್ತೇವೆ, ತಪ್ಪು ಹುಟ್ಟುವ ಒಂದು ದಾರಿ ಅದು. ಈಗ ಕನ್ನಡವನ್ನು ಕೇಳಿ. ನೀರಿನ ಬಗ್ಗೆ ಚರ್ಚೆ ನಡೆಯಿತು. ನೀರಿನ ಸಮಸ್ಯೆಯನ್ನು ಚರ್ಚಿಸಿದೆವು. ನಾಮಪದಕ್ಕೆ 'ಬಗ್ಗೆ', ಕ್ರಿಯಾಪದಕ್ಕೆ 'ಅನ್ನು'. ಇನ್ನೊಂದು ಉದಾಹರಣೆ. ಯೋಜನೆಗೆ ವಿರೋಧ, ಯೋಜನೆಯನ್ನು ವಿರೋಧಿಸು. ಇಂಗ್ಲಿಷಿನಲ್ಲಿ 'ಆಪೊಸಿಷನ್ ಟು ದ ಪ್ಲ್ಯಾನ್', 'ಆಪೋಸ್ ದ ಪ್ಲ್ಯಾನ್'. ಕನ್ನಡದ 'ಗೆ' ಇರುವ ಕಡೆ ಟು ಇದೆ, 'ಅನ್ನು' ಇರುವ ಕಡೆ ಏನೂ ಇಲ್ಲ. 'ಅನ್ನು' ಎಂದು ಹೇಳಲು ಬರುವ ಕಡೆ ಇಂಗ್ಲಿಷಿನಲ್ಲಿ ಬಹುಪಾಲು ಪ್ರಿಪೊಸಿಷನ್ ಬೇಡ ಎಂಬ ಸೂಚನೆ ಇಲ್ಲಿ ಸಿಕ್ಕಿತು. ಇದು ಕಬ್ಬಿಣದ ನಿಯಮವಲ್ಲ. 'ಪ್ರಶ್ನೆಗೆ ಉತ್ತರಿಸು' ಎನ್ನುತ್ತೇವೆ, ಇಂಗ್ಲಿಷಿನಲ್ಲಿ 'ಆನ್ಸರ್ ದ ಕ್ವೆಶ್ಚನ್'. 'ಅವಳನ್ನು ಕಾದೆ' ಎಂದರೂ ಇಂಗ್ಲಿಷಿನಲ್ಲಿ 'ವೇಟ್ ಫಾರ್' ಎನ್ನಲೇಬೇಕು. ಆದರೂ ಶುರುಮಾಡಲು ಒಂದು ನೆಲೆ ಸಿಕ್ಕಿತು.

ಇಷ್ಟಕ್ಕೆ ಬರುವ ಆಕ್ಷೇಪಗಳನ್ನು ಈಗ ಎದುರಿಸೋಣ. ಮೊದಲನೆಯದು ಗೌರವಕ್ಕೆ ಅರ್ಹವಾದ ಆಕ್ಷೇಪ. ಭಾರತದ ಇಂಗ್ಲಿಷ್ ಈಗ ಭಾರತದ್ದೇ. ಕೋಟ್ಯಂತರ ಜನ 'ಡಿಸ್ಕಸ್ ಅಬೌಟ್' ಎನ್ನುತ್ತಾರೆ, ಎಲ್ಲರಿಗೂ ಅರ್ಥವಾಗುತ್ತದೆ, ತಿದ್ದುವುದೇಕೆ? ಇದಕ್ಕೆ ನನ್ನ ಉತ್ತರ ಎರಡು ಭಾಗದ್ದು. ಅರ್ಥ ಕೆಡದ ಕಡೆ ನಾನೂ ಹಟ ಹಿಡಿಯುವುದಿಲ್ಲ. ಮುಂಬಯಿಯ ಕನ್ನಡ ರಾತ್ರಿ ಶಾಲೆಗಳಲ್ಲಿ ಹಗಲೆಲ್ಲ ಹೋಟೆಲಿನಲ್ಲಿ ದುಡಿದು ರಾತ್ರಿ ಇಂಗ್ಲಿಷ್ ಕಲಿತ ಹುಡುಗರ ಒಂದು ದೊಡ್ಡ ಪರಂಪರೆಯೇ ಇದೆ. ಅವರು ಆ ಇಂಗ್ಲಿಷಿನಿಂದಲೇ ಬದುಕು ಕಟ್ಟಿಕೊಂಡರು. ಅಂಥವರ ಒಂದು ಅಬೌಟ್ ಹೆಚ್ಚಾಯಿತೆಂದು ಕೈತೋರಿಸುವುದು ಸಣ್ಣತನ. ಆದರೆ ಅರ್ಥವೇ ಬದಲಾಗುವ ಕಡೆ ಬಿಡಬಾರದು. ಬೈ ಎನ್ನಬೇಕಾದ ಕಡೆ ಅಂಟಿಲ್ ಎಂದರೆ ಗಡುವು ತಪ್ಪುತ್ತದೆ. 'ಥ್ರೋ ಟು' ಎಂದರೆ ಹಿಡಿಯಲಿ ಎಂದು ಎಸೆಯುವುದು, 'ಥ್ರೋ ಆ್ಯಟ್' ಎಂದರೆ ತಾಗಲಿ ಎಂದು ಎಸೆಯುವುದು. ಮಗುವಿಗೆ ಚೆಂಡು, ನಾಯಿಗೆ ಕಲ್ಲು ಎಂದು ನಾವು ಎರಡಕ್ಕೂ 'ಗೆ' ಬಳಸುತ್ತೇವೆ. ಇಂಗ್ಲಿಷಿನಲ್ಲಿ ಟು ಇರಬೇಕಾದ ಕಡೆ ಆ್ಯಟ್ ಬಂದರೆ ಅದೊಂದು ಆರೋಪವಾಗುತ್ತದೆ. ಕಲಿಸುವವರೂ ಕಲಿಯುವವರೂ ಮೊದಲ ಶ್ರಮವನ್ನು ಇಂಥ ಕಡೆ ಹಾಕಬೇಕು. ಅರ್ಥ ಕೆಡಿಸದ ತಪ್ಪುಗಳು ಆಮೇಲೆ. ಅವೂ ಮುಖ್ಯವಾಗುವ ಸಂದರ್ಭಗಳಿವೆ. ವಿದೇಶಕ್ಕೆ ಹೋಗಲು ಬರೆಯುವ ಐಇಎಲ್‌ಟಿಎಸ್‌ನಂಥ ಪರೀಕ್ಷೆ, ಕೆಲಸದ ಅರ್ಜಿ, ಕೋರ್ಟಿಗೆ ಹೋಗುವ ಕಾಗದ. ಅಲ್ಲಿ ಓದುವವರು ನಮ್ಮ ಊರಿನ ರೂಢಿಗೆ ಬಿಟ್ಟುಕೊಡುವುದಿಲ್ಲ. ಆಫೀಸಿನ ಕಾಗದದಲ್ಲಿ 'ಸೀನಿಯರ್ ದ್ಯಾನ್ ಮಿ' ಎಂದು ಬರೆಯುವವರು ಬಹಳ. 'ನನಗಿಂತ' ಎಂಬ ಕನ್ನಡ ಮನಸ್ಸಿನಲ್ಲಿರುವುದರಿಂದ ದ್ಯಾನ್ ಬರುತ್ತದೆ. ಸೀನಿಯರ್, ಜೂನಿಯರ್, ಸುಪೀರಿಯರ್ ಲ್ಯಾಟಿನ್ನಿನಿಂದ ಬಂದ ಪದಗಳು. ಅವು ಟು ಬೇಡುತ್ತವೆ. ಪ್ರಿಫರ್ ಕೂಡ ಸಾಮಾನ್ಯವಾಗಿ ಟು ಬೇಡುವ ಪದ.

ಎರಡನೆಯ ಆಕ್ಷೇಪ, ಇಂಗ್ಲಿಷರಲ್ಲೇ ಒಮ್ಮತ ಇಲ್ಲವಲ್ಲ ಎಂಬುದು. ನಿಜ. ಬ್ರಿಟನ್ನಿನಲ್ಲಿ 'ಆ್ಯಟ್ ದ ವೀಕೆಂಡ್', ಅಮೆರಿಕದಲ್ಲಿ 'ಆನ್ ದ ವೀಕೆಂಡ್'. ಡಿಫರೆಂಟ್ ಎಂಬ ಪದದ ಮುಂದೆ ಫ್ರಮ್ ಎಲ್ಲೆಡೆ ಸಲ್ಲುತ್ತದೆ, ಟು ಬ್ರಿಟನ್ನಿನಲ್ಲಿ, ದ್ಯಾನ್ ಅಮೆರಿಕದಲ್ಲಿ ಹೆಚ್ಚು. ಇಬ್ಬರ ನಡುವೆ ಬಿಟ್ವೀನ್, ಮೂವರಿಂದ ಮೇಲೆ ಅಮಾಂಗ್ ಎಂದು ನಮಗೆ ಕಲಿಸಿದ ನಿಯಮವೂ ಅಷ್ಟು ಗಟ್ಟಿಯಲ್ಲ. ಬಿಟ್ವೀನ್ ಮೊದಲಿನಿಂದಲೂ ಇಬ್ಬರಿಗಿಂತ ಹೆಚ್ಚಿನವರಿಗೆ ಸಲ್ಲುತ್ತ ಬಂದಿದೆ ಎಂದು ಆಕ್ಸ್‌ಫರ್ಡ್ ನಿಘಂಟೇ ಹೇಳುತ್ತದೆ. ಬೇರೆ ಬೇರೆಯಾಗಿ ಎಣಿಸಬಲ್ಲ ಮೂರು ದೇಶಗಳ ಒಪ್ಪಂದ 'ಬಿಟ್ವೀನ್' ಆಗಬಹುದು. ಗುಂಪನ್ನು ಗುಂಪಾಗಿ ಕಂಡಾಗ ಅಮಾಂಗ್. ಇಂಥ ಭಿನ್ನತೆ ಕನ್ನಡದಲ್ಲೂ ಇದೆ. ಮೈಸೂರಿನವರು 'ಅವನನ್ನು ಕೇಳು' ಎನ್ನುತ್ತಾರೆ. ಕರಾವಳಿಯವರು 'ಅವನ ಹತ್ತಿರ ಕೇಳು' ಎನ್ನುತ್ತಾರೆ. ಧಾರವಾಡದ ಕಡೆ 'ಅವಗ ಕೇಳು'. ಖಾರಘರದ ಒಂದೇ ಕಟ್ಟಡದಲ್ಲಿ ಈ ಮೂರೂ ಕನ್ನಡಗಳು ಎದುರುಬದುರು ಮನೆ ಮಾಡಿರಬಹುದು. ಅದರಿಂದ ಕನ್ನಡಕ್ಕೆ ವಿಭಕ್ತಿಯ ನಿಯಮವೇ ಇಲ್ಲ ಎಂದು ಯಾರೂ ಹೇಳುವುದಿಲ್ಲ. 'ಅವನಿಂದ ಕೇಳು' ಎಂದರೆ ಮೂವರಿಗೂ ಬೇರೆಯದೇ ಅರ್ಥ ಹೊಳೆಯುತ್ತದೆ. ಭಿನ್ನತೆಗೂ ಒಂದು ಎಲ್ಲೆ ಇರುತ್ತದೆ. ಲಂಡನ್ನಿನವರಾಗಲಿ ನ್ಯೂಯಾರ್ಕಿನವರಾಗಲಿ 'ಆಂಗ್ರಿ ಆನ್ ಮಿ' ಎನ್ನುವುದಿಲ್ಲ.

ಆ 'ಆಂಗ್ರಿ ಆನ್ ಮಿ' ಮೂರನೆಯ ಆಕ್ಷೇಪಕ್ಕೆ ನಮ್ಮನ್ನು ಕರೆದೊಯ್ಯುತ್ತದೆ. ಮಕ್ಕಳು ಕೇಳಿ ಕೇಳಿ ತಾವಾಗಿಯೇ ಕಲಿಯುತ್ತಾರೆ, ನಿಯಮವೂ ಬೇಡ, ಕನ್ನಡದ ಊರುಗೋಲೂ ಬೇಡ ಎಂಬುದು ಆ ಆಕ್ಷೇಪ. ಮಕ್ಕಳು ಕಲಿಯುವುದು ತಾವು ಕೇಳಿದ್ದನ್ನು. ಖಾರಘರದ ಮಗುವಿನ ಕಿವಿಗೆ ಬೀಳುವುದು ಯಾವ ಇಂಗ್ಲಿಷ್? ಕನ್ನಡದಲ್ಲಿ ನನ್ನ ಮೇಲೆ ಸಿಟ್ಟು. ಮರಾಠಿಯಲ್ಲಿ 'ಮಾಝ್ಯಾವರ್' ಸಿಟ್ಟು. ಹಿಂದಿಯಲ್ಲಿ 'ಮುಝ್ ಪರ್' ಸಿಟ್ಟು. ಮೂರೂ ಭಾಷೆಗಳು ಸಿಟ್ಟನ್ನು ಮೇಲೆ ಕೂರಿಸಿವೆ. ಹೀಗಾಗಿ ಆಟದ ಮೈದಾನದಲ್ಲಿ ಮೂರು ಮನೆಗಳ ಮಕ್ಕಳೂ 'ಆಂಗ್ರಿ ಆನ್' ಎಂದು ಒಮ್ಮತದಿಂದ ಹೇಳಿದರೆ ತಿದ್ದುವವರು ಅಲ್ಲಿ ಯಾರಿದ್ದಾರೆ? ವ್ಯಕ್ತಿಯ ಮೇಲಿನ ಸಿಟ್ಟಿಗೆ ವಿತ್ ಅಥವಾ ಆ್ಯಟ್, ಸಂಗತಿಯ ಬಗೆಗಿನ ಸಿಟ್ಟಿಗೆ ಅಬೌಟ್ ಎಂಬುದು ಆ ಮೈದಾನದಲ್ಲಿ ಸಿಕ್ಕುವ ತಿಳಿವಲ್ಲ. ಅದಕ್ಕೆ ಓದು ಬೇಕು, ಒಬ್ಬರು ಬಾಯಿಬಿಟ್ಟು ಹೇಳಿಕೊಡುವುದು ಬೇಕು. ಹೇಳಿಕೊಡುವಾಗ 'ನಮ್ಮ ಮೂರು ಭಾಷೆಗಳಲ್ಲಿ ಹೀಗೆ, ಇಂಗ್ಲಿಷಿನಲ್ಲಿ ಹಾಗೆ' ಎಂದು ಪಕ್ಕಪಕ್ಕದಲ್ಲಿ ಇಟ್ಟು ತೋರಿಸಿದರೆ ಮಗುವಿಗೆ ತನ್ನ ತಪ್ಪು ದಡ್ಡತನದಿಂದ ಬಂದದ್ದಲ್ಲ, ತನಗೆ ಹೆಚ್ಚು ಭಾಷೆಗಳು ಗೊತ್ತಿರುವುದರಿಂದ ಬಂದದ್ದು ಎಂದು ತಿಳಿಯುತ್ತದೆ. ಅದು ಮಗುವಿಗೆ ಕೊಡುವ ಧೈರ್ಯ ದೊಡ್ಡದು.

ಆಕ್ಷೇಪಗಳು ಮೂರಾದವು. ಕೊನೆಯದಾಗಿ, ಮಾಡಬೇಕಾದ ಕೆಲಸ ಏನು? ಪ್ರಿಪೊಸಿಷನ್ನುಗಳ ಪಟ್ಟಿಯನ್ನು ಅರ್ಥದೊಂದಿಗೆ ಬಾಯಿಪಾಠ ಮಾಡಿಸುವುದನ್ನು ಬಿಡಿ. ಅದರ ಬದಲು ಕ್ರಿಯಾಪದವನ್ನೋ ಗುಣವಾಚಕವನ್ನೋ ಅದು ಬೇಡುವ ಪ್ರಿಪೊಸಿಷನ್ನಿನ ಸಮೇತ ಒಂದೇ ಪದವೆಂಬಂತೆ ಬರೆದುಕೊಳ್ಳಿ. 'ಡಿಪೆಂಡ್ ಆನ್' ಒಂದು ಪದ. 'ಗುಡ್ ಆ್ಯಟ್' ಒಂದು ಪದ. 'ಮ್ಯಾರೀಡ್ ಟು' ಒಂದು ಪದ. 'ಅಫ್ರೇಡ್ ಆಫ್' ಒಂದು ಪದ. ಎದುರಿಗೆ ಕನ್ನಡ ವಾಕ್ಯವನ್ನೂ ಬರೆಯಿರಿ, ಪದವನ್ನಲ್ಲ, ಪೂರ್ತಿ ವಾಕ್ಯವನ್ನು. 'ಮಳೆಯನ್ನು ಅವಲಂಬಿಸಿದೆ', 'ಗಣಿತದಲ್ಲಿ ಜಾಣ', 'ಅವಳನ್ನು ಮದುವೆಯಾಗಿದ್ದಾನೆ', 'ನಾಯಿಗೆ ಹೆದರುತ್ತಾಳೆ'. ನಾಲ್ಕು ಸಾಲಿನಲ್ಲಿ ಅನ್ನು, ಅಲ್ಲಿ, ಮತ್ತೆ ಅನ್ನು, ಗೆ. ಎದುರಿಗೆ ಆನ್, ಆ್ಯಟ್, ಟು, ಆಫ್. ಎರಡು ಬಗೆಯ ಸಾಲುಗಳು ಬೇಗನೆ ಕಣ್ಣಿಗೆ ಬೀಳುತ್ತವೆ. ಕೆಲವು ಕಡೆ ಕನ್ನಡವೂ ಇಂಗ್ಲಿಷೂ ಜೊತೆಯಾಗಿ ನಡೆಯುತ್ತವೆ, ಗಂಟೆಗೆ ಆ್ಯಟ್ ಬಂದಂತೆ, ಒಳಗೆ ಎಂದ ಕಡೆ ಬೈ ಬಂದಂತೆ. ಅವುಗಳಿಗೆ ಹೆಚ್ಚು ಅಭ್ಯಾಸ ಬೇಡ. ಎರಡೂ ಬೇರೆಯಾಗುವ ಸಾಲುಗಳ ಕೆಳಗೆ ಗೆರೆ ಎಳೆಯಿರಿ. ವಾರಕ್ಕೆ ಐದಾರು ಸಾಲು ಸಾಕು. ಮನೆಯವರು ಮಗುವಿನ ಎದುರು ಕೂತು ಇಂಗ್ಲಿಷ್ ಸಾಲನ್ನು ಮುಚ್ಚಿ ಕನ್ನಡ ಸಾಲನ್ನು ಓದಲಿ, ಮಗು ಇಂಗ್ಲಿಷಿನಲ್ಲಿ ಹೇಳಲಿ. ಮರುದಿನ ತಿರುವುಮುರುವು. ಹಾಗೆ ಮಾಡುವಾಗ ಮಗು 'ನಾಯಿಯಿಂದ ಹೆದರುತ್ತೇನೆ' ಎಂದೋ 'ಅವಳ ಜೊತೆ ಪ್ರಶ್ನೆ ಕೇಳಿದೆ' ಎಂದೋ ಹೇಳಿದರೆ ಅಲ್ಲಿ ಕನ್ನಡದ ವಿಭಕ್ತಿಯನ್ನೂ ತಿದ್ದಿಬಿಡಿ. ಎರಡೂ ತಿದ್ದುಪಡಿಗಳನ್ನು ಅದೇ ನೋಟುಪುಸ್ತಕದಲ್ಲಿ, ಅದೇ ಪುಟದಲ್ಲಿ ಬರೆಸಿ.